ನೀಲಗಿರಿ ಏರುವ ‘ಎಕ್ಸ್’ ಕ್ಲಾಸ್ ಉಗಿಬಂಡಿ: ವಯಸ್ಸು ನೂರು ದಾಟಿದರೂ ನಿವೃತ್ತಿಯಿಲ್ಲ

ದೇಶದ ಬಹುತೇಕ ಕಡೆ ಉಗಿ ಎಂಜಿನ್‌ಗಳು ಮ್ಯೂಸಿಯಂ ಸೇರಿ ದಶಕಗಳೇ ಕಳೆದಿವೆ. ಆದರೆ ತಮಿಳುನಾಡಿನ ಮೆಟ್ಟುಪಾಳ್ಯಂ-ಕೂನೂರು ನಡುವಿನ ಕಡಿದಾದ ಏರಿನಲ್ಲಿ ಬ್ರಿಟಿಷರ ಕಾಲದ ‘ಎಕ್ಸ್’ ಕ್ಲಾಸ್ ಎಂಜಿನ್ ವಿನ್ಯಾಸ ಇಂದಿಗೂ ಕೆಲಸ ಮಾಡುತ್ತಿದೆ.

ಮೆಟ್ಟುಪಾಳ್ಯಂನಿಂದ ಕೂನೂರಿಗೆ ರೈಲು ಬಂದದ್ದು 1899ರಲ್ಲಿ. 1908ರಲ್ಲಿ ಮಾರ್ಗ ಊಟಿವರೆಗೆ ವಿಸ್ತರಣೆಯಾಯಿತು. ಒಟ್ಟು 46 ಕಿ.ಮೀ. ಉದ್ದದ ಈ ಮೀಟರ್ ಗೇಜ್ ಹಾದಿಯಲ್ಲಿ 16 ಸುರಂಗಗಳು, 208 ತಿರುವುಗಳಿವೆ. ಕಲ್ಲಾರ್ ದಾಟಿದ ಮೇಲೆ ಏರು ಎಷ್ಟು ಕಡಿದೆಂದರೆ, ಪ್ರತಿ 12 ಅಡಿ ಸಾಗಿದರೆ 1 ಅಡಿ ಮೇಲೇರಬೇಕು. ಇಲ್ಲಿ ಮಾಮೂಲಿ ಎಂಜಿನ್‌ನ ಚಕ್ರ ಜಾರುತ್ತದೆ.

ಅದಕ್ಕಾಗಿ ಹಳಿಗಳ ನಡುವೆ ಹಲ್ಲುಗಳಿರುವ ಉಕ್ಕಿನ ಪಟ್ಟಿ ಹಾಕಲಾಗಿದೆ. ಎಂಜಿನ್‌ನ ಹಲ್ಲುಚಕ್ರ ಇದನ್ನು ಕಚ್ಚಿಕೊಂಡು ಮೇಲೇರುತ್ತದೆ. ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ವ್ಯವಸ್ಥೆ ಇದು.

‘ಎಕ್ಸ್’ ಕ್ಲಾಸ್ ಎಂಜಿನ್‌ಗಳನ್ನು ತಯಾರಿಸಿದ್ದು ಸ್ವಿಟ್ಜರ್ಲೆಂಡ್‌ನ ವಿಂಟರ್‌ಥೂರ್ ಕಾರ್ಖಾನೆ. 1914ರಿಂದ 1925ರವರೆಗೆ 12, ಸ್ವಾತಂತ್ರ್ಯಾನಂತರ 1952ರಲ್ಲಿ ಇನ್ನೂ 5 ಎಂಜಿನ್‌ಗಳು ಬಂದವು. ಇವುಗಳಿಗೆ ನಾಲ್ಕು ಸಿಲಿಂಡರ್. ಎರಡು ಸಿಲಿಂಡರ್‌ಗಳು ಮಾಮೂಲಿ ಚಕ್ರಗಳನ್ನು ತಿರುಗಿಸುತ್ತವೆ. ಏರು ಬಂದಾಗ ಅಲ್ಲಿಂದ ಹೊರಬರುವ ಉಗಿಯೇ ಇನ್ನೆರಡಕ್ಕೆ ಹೋಗಿ ಹಲ್ಲುಚಕ್ರ ತಿರುಗಿಸುತ್ತದೆ. ಅಂದರೆ ಒಂದೇ ಉಗಿಗೆ ಎರಡು ಸಲ ದುಡಿಮೆ!

ಸುರಕ್ಷತೆಗೂ ವಿಶೇಷ ಏರ್ಪಾಡಿದೆ. ಎಂಜಿನ್ ಸದಾ ಇಳಿಜಾರಿನ ಕಡೆಯೇ ಇದ್ದು, ಹತ್ತುವಾಗ ಬೋಗಿಗಳನ್ನು ಹಿಂದಿನಿಂದ ತಳ್ಳುತ್ತದೆ. ಬೋಗಿಗಳಲ್ಲಿ ಬ್ರೇಕ್ ಹಾಕಲೆಂದೇ ಸಿಬ್ಬಂದಿ ನಿಂತಿರುತ್ತಾರೆ.

ಕೂನೂರಿನಿಂದ ಊಟಿಗೆ ಹಲ್ಲುಪಟ್ಟಿ ಬೇಕಿಲ್ಲ. ಹಾಗಾಗಿ ಅಲ್ಲಿ ಡೀಸೆಲ್ ಎಂಜಿನ್ ಬಂದಿದೆ. ಕೆಳಗಿನ ಘಾಟಿಗೆ ಮಾತ್ರ ‘ಎಕ್ಸ್’ ಬಿಟ್ಟು ಗತಿಯಿಲ್ಲ. ಆದರೆ ಬಾಯ್ಲರ್ ಸವೆಯುತ್ತದೆ, ಹಲ್ಲುಚಕ್ರ ತೇಯುತ್ತದೆ, ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಎಂಜಿನ್ ನಿಂತರೆ ಈ ಏರಿನ ರೈಲೇ ನಿಲ್ಲುತ್ತದೆ.

ಇದಕ್ಕೆ ಉತ್ತರ ಸಿಕ್ಕಿದ್ದು ತಿರುಚ್ಚಿಯ ಪೊನ್ಮಲೈ ರೈಲ್ವೆ ಕಾರ್ಯಾಗಾರದಲ್ಲಿ. ಹಳೆಯ ವಿನ್ಯಾಸವನ್ನೇ ಆಧರಿಸಿ, ಕಲ್ಲಿದ್ದಲಿನ ಬದಲು ಎಣ್ಣೆ ಉರಿಸುವ ಹೊಸ ‘ಎಕ್ಸ್’ ಎಂಜಿನ್‌ಗಳನ್ನು ಅಲ್ಲಿನ ಕೆಲಸಗಾರರು ಕಟ್ಟಿದರು. ಒಂದು ಕಾಲದಲ್ಲಿ ಹಡಗಿನಲ್ಲಿ ಬರುತ್ತಿದ್ದ ಎಂಜಿನ್ ಹೀಗೆ ದೇಶದಲ್ಲೇ ಹುಟ್ಟಿತು.

2005ರಲ್ಲಿ ಯುನೆಸ್ಕೊ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ‘ದಿಲ್ ಸೇ’ ಚಿತ್ರದ ‘ಛಯ್ಯಾ ಛಯ್ಯಾ’ ಹಾಡಿನಲ್ಲಿ ಶಾರುಖ್ ಖಾನ್ ಕುಣಿದದ್ದು ಇದೇ ಮಾರ್ಗದ ರೈಲಿನ ಮೇಲೆ. ಹಾಡು ನೋಡಿದವರಿಗೆ ಕುಣಿತ ನೆನಪಿದೆ. ಇಡೀ ರೈಲನ್ನು ಬೆಟ್ಟಕ್ಕೆ ದೂಡುವ ಶ್ರಮ ಮಾತ್ರ ಈ ಉಗಿಬಂಡಿಯದು.