ಅಟ್ ಚಿಹ್ನೆಯ ಬಲಗಡೆ

ಹೋದ ವರ್ಷ ನಮ್ಮ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತು. ಹೆಸರು ಬದಲಾಯಿತು, ಹೆಸರಿನ ಜೊತೆ ಸಿಸ್ಟಮ್‌ಗಳ ಹೆಸರೂ ಬದಲಾಗಬೇಕಾಯಿತು. ಪ್ರಾಜೆಕ್ಟ್ ನನ್ನ ತಲೆಗೆ ಬಂತು. ಸರ್ವರ್‌ಗಳ ಹೆಸರು ಬದಲಿಸಲು ಹಿಡಿದದ್ದು ಒಂದು ಶನಿವಾರದ ರಾತ್ರಿ. ಡೈರೆಕ್ಟರಿಯಲ್ಲಿ ಜನರ ಎಂಟ್ರಿಗಳನ್ನು ಸರಿಪಡಿಸಲು ಹಿಡಿದದ್ದು ನಾಲ್ಕು ತಿಂಗಳು. ಮುನಿರ್ಕಾದ ಬಾಡಿಗೆ ಮನೆಯಲ್ಲಿ ರಾತ್ರಿ ಕೂತು ಆ ಪಟ್ಟಿ ತಿದ್ದುವಾಗ, ಇದೇ ಕೆಲಸವನ್ನು ಮೊದಲು ಮಾಡಿದವರು ಯಾರು ಎಂದು ಹುಡುಕತೊಡಗಿದೆ.

ಮೂಲ 1971ರಲ್ಲಿದೆ. ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸುವಾಗ ವಿಳಾಸದ ನಡುವೆ ಅಟ್ ಚಿಹ್ನೆ ಇಟ್ಟರು. ಎಡಗಡೆ ಮನುಷ್ಯ, ಬಲಗಡೆ ಅವನ ಅಕೌಂಟ್ ಇರುವ ಯಂತ್ರ. ನಮ್ಮ ಹಳೆ ಮೈಸೂರಿನ ಕಡೆ ಹೆಸರಿನ ಹಿಂದೆ ಊರಿನ ಇನಿಷಿಯಲ್ ಅಂಟಿಕೊಂಡಿರುತ್ತದಲ್ಲ, ಹಾಗೆ. ಊರಿನ ಹೆಸರು ಬದಲಾದರೆ ಮನುಷ್ಯ ಏನೂ ಮಾಡದೆ ಅವನ ಹೆಸರು ತಪ್ಪಾಗುತ್ತದೆ.

ಆಗಿನ ಅರ್ಪಾನೆಟ್‌ನಲ್ಲಿ ಯಂತ್ರಗಳ ಹೆಸರೆಲ್ಲ ಒಂದೇ ಫೈಲಿನಲ್ಲಿದ್ದವು. ಹಾಸ್ಟ್ಸ್ ಡಾಟ್ ಟಿಎಕ್ಸ್‌ಟಿ ಎಂದು ಅದರ ಹೆಸರು. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿ ಎಲಿಜಬೆತ್ ಫೀನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ಅಲ್ಲಿಂದ ನಕಲು ತೆಗೆದುಕೊಳ್ಳುತ್ತಿದ್ದರು. ಅದೇ ಕಚೇರಿ ಬಳಕೆದಾರರ ಡೈರೆಕ್ಟರಿಯನ್ನೂ ಇಟ್ಟಿತ್ತು. ಮೊದಲು ಅದು ಅಚ್ಚಾದ ಪುಸ್ತಕ, 1982ರ ಹೊತ್ತಿಗೆ ಹೂಈಸ್ ಎಂಬ ಸೇವೆಯ ಮೂಲಕ ಯಾರು ಬೇಕಾದರೂ ಕೇಳಿ ನೋಡಬಹುದಾದ ದಾಖಲೆ. ಹೆಸರು, ಅಂಚೆ ವಿಳಾಸ, ಫೋನು, ಮೇಲ್, ಜೊತೆಗೆ ಪ್ರತಿಯೊಬ್ಬರಿಗೂ ಇನಿಷಿಯಲ್‌ಗಳಿಂದ ಮಾಡಿದ ಒಂದು ಪುಟ್ಟ ಗುರುತು. ಅದಕ್ಕೆ ಅವರು ಹ್ಯಾಂಡಲ್ ಅನ್ನುತ್ತಿದ್ದರು.

1983ರ ನವೆಂಬರಿನಲ್ಲಿ ಪಾಲ್ ಮೊಕಪೆಟ್ರಿಸ್ ಡೊಮೈನ್ ಪದ್ಧತಿಯ ಮೊದಲ ಬರಹಗಳನ್ನು ಪ್ರಕಟಿಸಿದರು. ಎಲ್ಲ ಯಂತ್ರಗಳಿಗೂ ತಾತ್ಕಾಲಿಕವಾಗಿ 'ಡಾಟ್ ಅರ್ಪಾ' ಎಂಬ ಬಾಲ ಬಂತು, ಆಮೇಲೆ ಇಡಿಯು, ಕಾಮ್, ಗವ್. ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಯಂತ್ರ ಮೊದಲು 'ಎಸ್‌ಯು-ಎಐ', ನಂತರ ಅದಕ್ಕೇ ಅರ್ಪಾ ಸೇರಿ, ಕೊನೆಗೆ 'ಸೇಲ್ ಡಾಟ್ ಸ್ಟ್ಯಾನ್‌ಫರ್ಡ್ ಡಾಟ್ ಇಡಿಯು'. ಯಂತ್ರಕ್ಕೆ ಒಂದು ಸಾಲು ತಿದ್ದಿದರೆ ಮುಗಿಯಿತು. ಆದರೆ ಅದರಲ್ಲಿ ಅಕೌಂಟ್ ಇದ್ದವರ ಸಾಲುಗಳು? ಹಳೆ ಹೆಸರು ಹುಡುಕಿ ಹೊಸದು ಹಾಕಿದರಾಯಿತು ಎನ್ನಿಸುತ್ತದೆ, ನನಗೂ ಹಾಗೇ ಅನ್ನಿಸಿತ್ತು. ಆ ಮನುಷ್ಯ ಇನ್ನೂ ಅಲ್ಲಿದ್ದಾನೋ, ಬೇರೆ ಯಂತ್ರಕ್ಕೆ ಹೋದನೋ, ಪತ್ರ ಓದುತ್ತಾನೋ ಎನ್ನುವುದು ಕಂಪ್ಯೂಟರಿಗೆ ಗೊತ್ತಿಲ್ಲ. ಅವನನ್ನೇ ಕೇಳಬೇಕು.

ನಮ್ಮ ದೇಶದಲ್ಲೂ ಇದು ಆಗಿದೆ. ಅರ್ನೆಟ್ 1986ರಲ್ಲಿ ಶುರುವಾಯಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ, ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವು, ಮುಂಬೈನ ಎನ್‌ಸಿಎಸ್‌ಟಿ, ಐದು ಐಐಟಿಗಳು, ಬೆಂಗಳೂರಿನ ಐಐಎಸ್ಸಿ. ಮುಂಬೈನ ಯಂತ್ರದ ಹೆಸರು 'ಶಕ್ತಿ', ಐಐಎಸ್ಸಿಯದು 'ವಿಜ್ಞಾನ್'. (ಈಗಿನ ಸರ್ವರ್‌ಗಳಿಗೆ ನಾವು ಇಡುವ ಹೆಸರು ನೋಡಿದರೆ ಜೈಲಿನ ಕೈದಿಗಳ ನಂಬರ್ ನೆನಪಾಗುತ್ತದೆ.) ಆಗ ಐಐಎಸ್ಸಿಯ ಮೇಷ್ಟರಿಗೆ ಬರೆಯಬೇಕಾದರೆ ಪತ್ರ ಹೋಗುವ ದಾರಿಯನ್ನೇ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಹಾಕಿ ಬರೆಯಬೇಕಿತ್ತು: ಅಮೆರಿಕದ ಯುಯುನೆಟ್, ಅಲ್ಲಿಂದ ಶಕ್ತಿ, ಅಲ್ಲಿಂದ ವಿಜ್ಞಾನ್. ಆಮೇಲೆ 'ವಿಜ್ಞಾನ್ ಡಾಟ್ ಅರ್ನೆಟ್ ಡಾಟ್ ಇನ್' ಆಯಿತು, ನಡುವೆ ಐಐಎಸ್ಸಿ ಸೇರಿತು, ಈಗ ಅರ್ನೆಟ್ ಹೋಗಿ 'ಐಐಎಸ್ಸಿ ಡಾಟ್ ಎಸಿ ಡಾಟ್ ಇನ್'. ನಮ್ಮ ಮನೆಯ ಎದುರಿನ ರಸ್ತೆ ದಾಟಿದರೆ ಸಿಗುವ ಜೆಎನ್‌ಯು ಕತೆಯೂ ಇದೇ: 'ಜೆಎನ್‌ಯುನಿವ್ ಡಾಟ್ ಅರ್ನೆಟ್ ಡಾಟ್ ಇನ್' ಇದ್ದದ್ದು 'ಜೆಎನ್‌ಯು ಡಾಟ್ ಎಸಿ ಡಾಟ್ ಇನ್' ಆಗಿದೆ.

ತೊಂಬತ್ತರ ದಶಕದ ಸಂಶೋಧನಾ ಲೇಖನಗಳ ಮೊದಲ ಪುಟ ತೆಗೆದರೆ ಈ ಹಳೆ ವಿಳಾಸಗಳು ಇನ್ನೂ ಕೂತಿವೆ. ಅಚ್ಚಾದದ್ದನ್ನು ಯಾರು ಅಪ್‌ಡೇಟ್ ಮಾಡುತ್ತಾರೆ? ತಮಾಷೆ ಎಂದರೆ ಪಕ್ಕದಲ್ಲೇ ಇರುವ ಅಂಚೆ ವಿಳಾಸ ಇವತ್ತಿಗೂ ಕೆಲಸ ಮಾಡುತ್ತದೆ. ಬ್ಯಾಂಗಲೂರ್ 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಬೆಂಗಳೂರು ಆಯಿತು, 560012 ಹಾಗೇ ಇದೆ. ಜೆಎನ್‌ಯುದು 110067, ನಮ್ಮ ಮುನಿರ್ಕಾದ್ದೂ ಅದೇ. 1972ರಲ್ಲಿ ಪಿನ್ ಕೋಡ್ ತಂದವರು ಊರಿನ ಹೆಸರನ್ನು ನಂಬಲಿಲ್ಲ. ಊರಿಗೆ ಹೋಗಲು ಟಿಕೆಟ್ ಮಾಡುವಾಗ ಗಮನಿಸಿ: ಬೆಂಗಳೂರು ಸಿಟಿ ಸ್ಟೇಷನ್ ಸಂಗೊಳ್ಳಿ ರಾಯಣ್ಣನ ಹೆಸರು ಪಡೆದರೂ ಕೋಡ್ ಎಸ್‌ಬಿಸಿಯೇ. ಫೀನ್ಲರ್ ಅವರ ಕಚೇರಿಯ ಹ್ಯಾಂಡಲ್ ಕೂಡ ಇದೇ ಜಾತಿಯದು. ಯಂತ್ರದ ಹೆಸರು ಏನಾದರೂ ಆಗಲಿ, ಮನುಷ್ಯನ ಗುರುತು ಅದಕ್ಕೆ ಕಟ್ಟುಬಿದ್ದಿಲ್ಲ.

ನಮ್ಮ ಡೈರೆಕ್ಟರಿಯಲ್ಲಿ ಈ ಬುದ್ಧಿ ಇರಲಿಲ್ಲ. ಮೇಲ್ ವಿಳಾಸವೇ ಗುರುತು. ಹಳೆ ವಿಳಾಸಕ್ಕೆ ಬಂದದ್ದನ್ನು ಹೊಸದಕ್ಕೆ ದಾಟಿಸುವ ವ್ಯವಸ್ಥೆ 90 ದಿನ ಸಾಕು ಎಂದು ಪ್ಲಾನ್‌ನಲ್ಲಿ ಬರೆದವನು ನಾನೇ. ತೊಂಬತ್ತೊಂದನೆಯ ದಿನ ನಿಂತಿತು. ಅಕೌಂಟ್ಸ್‌ನಲ್ಲಿದ್ದು ನಿವೃತ್ತರಾದ ಒಬ್ಬ ಹಿರಿಯರು, ಧಾರವಾಡದ ಕಡೆಯವರು, ಪಿಎಫ್ ಅರ್ಜಿಗೆ ಹಳೆ ವಿಳಾಸವನ್ನೇ ಕೊಟ್ಟಿದ್ದರು. ಕಂಪನಿ ಅವರಿಗೆ ಆ ಮೇಲ್ ಅನ್ನು ಉಳಿಸಿಕೊಟ್ಟಿತ್ತು. ಉತ್ತರಗಳೆಲ್ಲ ಎಲ್ಲೂ ಇಲ್ಲದ ಯಂತ್ರಕ್ಕೆ ಹೋಗಿ ವಾಪಸಾದವು. ಮಗಳ ಮದುವೆಗೆ ಅಂತ ಲೆಕ್ಕ ಹಾಕಿಟ್ಟ ದುಡ್ಡು ಅದು.

ಅವರು ಫೋನ್ ಮಾಡಿ ಬೈಯಲಿಲ್ಲ. "ತಮ್ಮಾ, ನನ್ನ ಹೆಸರು ನಿಮ್ಮ ಪಟ್ಟಿಯೊಳಗ ಐತೋ ಇಲ್ಲೋ, ಅಷ್ಟು ನೋಡಿ ಹೇಳ್ರಿ" ಅಂದರು. ಇರಲಿಲ್ಲ. ಹಳೆ ಹೆಸರು ಹುಡುಕಿ ಹೊಸದು ಹಾಕುವ ನನ್ನ ಸ್ಕ್ರಿಪ್ಟ್, ಈಗ ಕೆಲಸದಲ್ಲಿ ಇರುವವರನ್ನು ಮಾತ್ರ ನೋಡಿತ್ತು.

ಮಾರನೆಯ ದಿನ ದಾಟಿಸುವ ವ್ಯವಸ್ಥೆಯನ್ನು ಮತ್ತೆ ಶುರುಮಾಡಿಸಿ ಎರಡು ವರ್ಷಕ್ಕೆ ಏರಿಸಿದೆ, ಗುರುತಿಗೆ ಎಂಪ್ಲಾಯಿ ನಂಬರ್ ಇಟ್ಟೆ. ಆಮೇಲೆ ನಿವೃತ್ತರಾದವರ ಪಟ್ಟಿ ತರಿಸಿಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದೆ. ಆ ನಾಲ್ಕು ತಿಂಗಳು ಹೋದದ್ದು ಅದಕ್ಕೇ. ಹಿರಿಯರ ದುಡ್ಡು ಮದುವೆಗೆ ಹನ್ನೊಂದು ದಿನ ಮುಂಚೆ ಬಂತು.