ಡೈನಮೋ ದೂರವಿದ್ದ ಕಾಲ

ನಮ್ಮ ಫರಂಗಿಪೇಟೆಗೆ ಚರಿತ್ರೆಯ ಕೊರತೆಯಿಲ್ಲ. 1526ರಷ್ಟು ಹಿಂದೆಯೇ ಪೋರ್ಚುಗೀಸ್ ಪಾದ್ರಿಗಳು ಇಲ್ಲಿ ಇಗರ್ಜಿ ಕಟ್ಟಿದ್ದು, ಟಿಪ್ಪುವಿನ ಕಾಲದ ಕಥೆಗಳು, ಎಲ್ಲವೂ ಪುಸ್ತಕಗಳಲ್ಲಿವೆ. ನಾನು ಹೇಳಹೊರಟದ್ದು ರಾತ್ರಿಯ ಬೆಳಕಿನ ಚರಿತ್ರೆ.

ನೇತ್ರಾವತಿಯ ದಡದ ಗದ್ದೆಗಳಲ್ಲಿ ಬಯಲಾಟಕ್ಕೆ ಮೊದಲು ದೊಂದಿಯ ಬೆಳಕಿತ್ತಂತೆ. ಆಮೇಲೆ ಗ್ಯಾಸ್‌ಲೈಟು ಬಂತು. ಟೆಂಟು ಮೇಳಗಳು ಬಂದ ಮೇಲೆ ಬಂದದ್ದು ಡೈನಮೋ. ಜನರೇಟರಿಗೆ ನಾವು ಹೇಳುತ್ತಿದ್ದ ಹೆಸರು ಅದು. ಅದನ್ನು ಟೆಂಟಿನ ಹತ್ತಿರ ಇಡುತ್ತಿರಲಿಲ್ಲ. ಗದ್ದೆಯ ಆಚೆ ಮೂಲೆಯಲ್ಲಿಟ್ಟು ಉದ್ದಕ್ಕೆ ವೈರು ಎಳೆಯುತ್ತಿದ್ದರು. ಹತ್ತಿರವಿದ್ದರೆ ಭಾಗವತರ ಪದ ಯಾರಿಗೆ ಕೇಳಬೇಕು? ನಡುರಾತ್ರಿ ಕಳೆಯುವಾಗ ಅರ್ಧ ಟೆಂಟು ಚಾಪೆಯ ಮೇಲೆ ನಿದ್ದೆಹೋಗಿರುತ್ತಿತ್ತು. ಹೆಂಗಸರ ಮಡಿಲಲ್ಲಿ ಮಕ್ಕಳು, ಮಹಿಷಾಸುರ ಬರುವಾಗ ಎಬ್ಬಿಸಬೇಕೆಂಬ ಕರಾರಿನ ಮೇಲೆ. ಅಷ್ಟು ಜನರನ್ನು ಕಾದದ್ದು ಯಂತ್ರದ ಆ ಕರ್ಕಶ ಸದ್ದೇ ಎಂದು ನನಗೀಗ ಅನಿಸುತ್ತದೆ.

ಏಕೆಂದರೆ ಈಗಿನ ಜನರೇಟರು ಗದ್ದಲವೆಬ್ಬಿಸುವುದಿಲ್ಲ. ಮಲಗುವ ಮಂಚ, ಅಡುಗೆಯ ಕಟ್ಟೆ, ಏಸಿ ಎಲ್ಲ ಇರುವ ಕ್ಯಾರವಾನಿನಲ್ಲಿ ಅದು ಗಾಡಿಗೇ ಅಂಟಿಕೊಂಡಿರುತ್ತದೆ. ಕಾಸರಗೋಡು, ಕಣ್ಣೂರು ದಾಟಿದರೆ ಸಿಗುವ ವಡಕರದಲ್ಲಿ 2024ರ ಡಿಸೆಂಬರಿನಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತುಬಿದ್ದಿದ್ದರು. ಹೊಡೆದಾಟವಿಲ್ಲ, ಗಾಯವಿಲ್ಲ. ಕಲ್ಲಿಕೋಟೆಯ ಎನ್‌ಐಟಿಯ ತಜ್ಞರು ಪರೀಕ್ಷಿಸಿದಾಗ, ಜನರೇಟರಿನ ಹೊಗೆ ಗಾಡಿಯ ತಳದಲ್ಲಿದ್ದ ತೂತಿನಿಂದ ಒಳಗೆ ಏರಿದ್ದು ತಿಳಿಯಿತು. ಹೊಗೆಯಲ್ಲಿದ್ದದ್ದು ಕಾರ್ಬನ್ ಮೊನಾಕ್ಸೈಡ್.

ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದು ಕೂರುತ್ತದೆ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 19ನೆಯ ಶತಮಾನದ ನಡುವಿನಲ್ಲೇ ಇದು ರಕ್ತದಲ್ಲಿ ಆಮ್ಲಜನಕವನ್ನು ಹೊರದಬ್ಬುವುದನ್ನು ತೋರಿಸಿದ್ದ. ಮುಂದೆ ಹಾಲ್ಡೇನ್ ಎಂಬ ವಿಜ್ಞಾನಿಯ ಸಲಹೆಯಂತೆ ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಿಗೆ ಪಂಜರದಲ್ಲಿ ಕ್ಯಾನರಿ ಹಕ್ಕಿಗಳನ್ನು ಒಯ್ಯತೊಡಗಿದರು. ಹಕ್ಕಿ ತೂರಾಡಿ ಬಿದ್ದರೆ ಮನುಷ್ಯರು ಹೊರಗೋಡಬೇಕು. ಪಾಪದ ಹಕ್ಕಿಗಳಿಗೆ ಆ ಚಾಕರಿಯಿಂದ ಬಿಡುಗಡೆ ಸಿಕ್ಕಿದ್ದು 1986ರಲ್ಲಿ! ಅವುಗಳ ಕೆಲಸವನ್ನು ಈಗ ಅಂಗೈಯಗಲದ ಅಲಾರಂ ಮಾಡುತ್ತದೆ. ಕ್ಯಾರವಾನಿನಲ್ಲಿ ಮಲಗುವ ಜಾಗದ ಹತ್ತಿರ ಅದಿರಲೇಬೇಕು.

ಮೊನ್ನೆ ನಮ್ಮ ಮನೆಯವರೆಲ್ಲ ಬಾಡಿಗೆ ಕ್ಯಾರವಾನಿನಲ್ಲಿ ಕೊಡಗಿಗೆ ಹೊರಟಾಗ ಡ್ರೈವರಿನ ಹತ್ತಿರ ಕೇಳಿದೆ, “ಜನರೇಟರಿನ ಹೊಗೆ ಎಲ್ಲಿಗೆ ಹೋಗ್ತದೆ ಮಾರಾಯ?” ಆತ ನಕ್ಕು, “ಮಲಗುವಾಗ ಬಂದ್ ಮಾಡ್ತೇನಮ್ಮ, ಬ್ಯಾಟರಿಯಲ್ಲಿ ಫ್ಯಾನ್ ತಿರುಗ್ತದೆ” ಎಂದ. ಸರಿಯಾದ ಉತ್ತರ ಅದೇ. ಗಾಡಿಗೆ ಅಂಟಿದ ಯಂತ್ರವನ್ನು ನಿದ್ದೆಯ ಹೊತ್ತಿನಲ್ಲಿ ಓಡಿಸಲೇಬಾರದು. ಬಿಡಿ ಜನರೇಟರಾದರೆ ಬಯಲಿನಲ್ಲಿ ಕಡಿಮೆಯೆಂದರೆ ಇಪ್ಪತ್ತು ಅಡಿ ದೂರ ಇಟ್ಟು, ಹೊಗೆಯ ಬಾಯಿಯನ್ನು ಗಾಡಿಗೂ ಪಕ್ಕದವರಿಗೂ ಬೆನ್ನು ಮಾಡಿ ತಿರುಗಿಸಬೇಕು. ಕಿಟಕಿ ತೆರೆದಿದೆಯಲ್ಲ ಎಂಬ ಧೈರ್ಯ ಸಾಲದು. ಒಟ್ಟಿಗಿರುವವರಿಗೆಲ್ಲ ತಲೆನೋವು, ವಾಕರಿಕೆ, ಮಂಪರು ಶುರುವಾದರೆ ಊಟದ ಮೇಲೆ ಸಂಶಯಪಡುತ್ತಾ ಕೂರದೆ ಮೊದಲು ಹೊರಗಿನ ಗಾಳಿಗೆ ಬಂದು, ಆಮೇಲೆ ಆಸ್ಪತ್ರೆಗೆ ಹೋಗಬೇಕು.

ಕ್ಯಾರವಾನು ನಮಗೆಲ್ಲಿಯದು ಎನ್ನುವವರು ಬಚ್ಚಲುಮನೆಯ ಗ್ಯಾಸ್ ಗೀಸರನ್ನೊಮ್ಮೆ ನೋಡಿ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಉಗುಳುವುದೂ ಇದೇ ಅನಿಲವನ್ನು. ನಮ್ಮ ಮನೆಯಲ್ಲಿ ಅದನ್ನೀಗ ಹೊರಜಗಲಿಯ ಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬಿಟ್ಟಿದ್ದೇವೆ.