ನರತಂತುವೂ ಅದರ ಆಸರೆಯೂ

ನರತಂತುವು ಒಂದೇ ಕೋಶದಿಂದ ಹೊರಚಾಚಿ ಬೆಳೆಯುವುದೋ, ಅನೇಕ ಕೋಶಗಳು ಒಂದರೊಡನೊಂದು ಕೂಡಿ ಆಗುವುದೋ ಎಂಬ ವಿವಾದವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾಶ್ಚಾತ್ಯ ಪಂಡಿತರನ್ನು ಪಕ್ಷಪಕ್ಷಗಳಾಗಿ ಒಡೆದಿದ್ದಿತು. ಸತ್ತ ಅಂಗಾಂಶಕ್ಕೆ ಬಣ್ಣವೂಡಿಸಿ ನೋಡುವಷ್ಟರಿಂದಲೇ ಇದು ತೀರುವಂತಿರಲಿಲ್ಲ. 1906ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಗಾಲ್ಜಿ, ಕಾಹಾಲರೇ ನರಮಂಡಲದ ರಚನೆಯ ವಿಷಯದಲ್ಲಿ ಪರಸ್ಪರ ವಿರುದ್ಧಮತದವರಾಗಿದ್ದರು.

1907ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರಾಸ್ ಹ್ಯಾರಿಸನ್ ಎಂಬ ವಿದ್ವಾಂಸನು ಕಪ್ಪೆಯ ಭ್ರೂಣದಿಂದ ನರನಾಳದ ತುಣುಕೊಂದನ್ನು ಕತ್ತರಿಸಿ, ಬೆಳೆದ ಕಪ್ಪೆಯ ದುಗ್ಧರಸದ ಹನಿಯಲ್ಲಿಟ್ಟನು. ರಸವು ಹೆಪ್ಪುಗಟ್ಟಿದ ಮೇಲೆ ಆ ತೆಳುಗಾಜನ್ನು ಕುಳಿಯುಳ್ಳ ಗಾಜಿನ ಮೇಲೆ ಬೋರಲಿಟ್ಟು ಅಂಚನ್ನು ಮೇಣದಿಂದ ಮುಚ್ಚಿದನು. ಇಂತಹ ತುಣುಕುಗಳು ವಾರಗಟ್ಟಲೆ ಬದುಕಿದವು. ಕೋಶಗಳಿಂದ ಹೊರಟ ತಂತುಗಳು ತುದಿಯನ್ನಾಡಿಸುತ್ತ ಹೆಪ್ಪಿನೊಳಕ್ಕೆ ಚಾಚುವುದು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡಿತು. ಕಾಹಾಲನ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯವು ಬೇಕಿರಲಿಲ್ಲ.

ಆದರೆ ಆ ಹೆಪ್ಪಿನ ಕೆಲಸವೇನು? ಬರಿಯ ದ್ರವದಲ್ಲಿ ಕೋಶಗಳು ಹರಡುತ್ತಿರಲಿಲ್ಲ. ಇದನ್ನು ಕಡೆಗಣಿಸದೆ ಹ್ಯಾರಿಸನನು ದ್ರವದಲ್ಲಿ ಜೇಡನ ಬಲೆಯ ಎಳೆಗಳನ್ನು ಹಾಸಿ ನೋಡಿದನು; ಕೋಶಗಳು ಆ ಎಳೆಗಳನ್ನೇ ಹಿಡಿದು ಸಾಗಿದವು. ಘನವಸ್ತುವಿನ ಆಸರೆಯಿಲ್ಲದೆ ಅವು ಚಲಿಸವೆಂದು ಅವನು 1914ರಲ್ಲಿ ಪ್ರಕಟಿಸಿದನು. 1917ರಲ್ಲಿ ನೊಬೆಲ್ ಸಮಿತಿಯ ಬಹುಮತವು ಅವನನ್ನು ಶಿಫಾರಸು ಮಾಡಿದರೂ ಪಾರಿತೋಷಕವು ದೊರೆಯಲಿಲ್ಲ. 1933ರಲ್ಲಿ ಈ ವಿಧಾನದ ಬೆಲೆಯು ಪರಿಮಿತವೆಂದೇ ತೀರ್ಪಾಯಿತು. ಅಂದಿನ ತೀರ್ಪುಗಾರರ ದೃಷ್ಟಿಯೇ ಪರಿಮಿತವಾಗಿದ್ದಿತೆನ್ನಬೇಕು.

ಏಕೆಂದರೆ ನರದ ವಿದ್ಯುತ್ಕ್ರಿಯೆಯ ವಿಚಾರವೂ ಕಡೆಗೆ ಈ ಅಂಟುವಿಕೆಯ ವಿಚಾರಕ್ಕೇ ಬಂದು ಸೇರಿತು. ಕೋಶದ ಪೊರೆಯ ಮೂಲಕ ಸೋಡಿಯಂ, ಪೊಟ್ಯಾಸಿಯಂ ಅಯಾನುಗಳು ಹರಿಯುವುದೇ ನರಸಂದೇಶವೆಂದು 1952ರಲ್ಲಿ ಹಾಡ್ಜ್‌ಕಿನ್, ಹಕ್ಸ್‌ಲಿಯವರು ತೋರಿಸಿದರು. 1976ರಲ್ಲಿ ನೇಹರ್, ಸಾಕ್ಮನ್‌ರು ಒಂದೊಂದು ನಾಳದ ಪ್ರವಾಹವನ್ನೇ ಅಳೆದರು. 1995ರಲ್ಲಿ ಐಸಮ್, ಕ್ಯಾಟರಾಲ್ ಮೊದಲಾದವರಿಗೆ ಅನಿರೀಕ್ಷಿತವಾದ ನಂಟೊಂದು ಗೋಚರಿಸಿತು: ಸೋಡಿಯಂ ನಾಳಕ್ಕೆ ಸಹಾಯಕವಾದ ಬೀಟಾ-2 ಎಂಬ ಪ್ರೋಟೀನಿನ ರಚನೆಯು, ಕೋಶಗಳನ್ನು ಪರಸ್ಪರ ಅಂಟಿಸುವ ಕಾಂಟ್ಯಾಕ್ಟಿನ್ ಎಂಬುದನ್ನು ಹೋಲುತ್ತಿದ್ದಿತು.

ಅದರ ಸೋದರವಾದ ಬೀಟಾ-1 ಕೂಡ ಅಂಟಿಸುವ ಗುಣವುಳ್ಳದ್ದೇ. ಇಲಿಯ ಕಿರುಮೆದುಳಿನಿಂದ ತೆಗೆದು ಗಾಜಿನ ಮೇಲೆ ಬೆಳೆಸಿದ ನರಕೋಶಗಳಲ್ಲಿ ಅದು ತಂತುವಿನ ಬೆಳವಣಿಗೆಯನ್ನು ಪ್ರೇರಿಸುವುದು. 2010ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಸೋಡಿಯಂ ನಾಳಗಳನ್ನು ವಿಷದಿಂದ ಮುಚ್ಚಿದೊಡನೆ ಈ ಪ್ರೇರಣೆಯು ಕಾಣದಾಯಿತು. ಬೀಟಾ-1 ಇಲ್ಲದ ಕೋಶಗಳಲ್ಲಿಯಾದರೋ, ಸಂದೇಶವು ಹುಟ್ಟುವ ತಂತುವಿನ ಬುಡದಲ್ಲಿಯೇ ಇರತಕ್ಕ ನಾಳಗಳು ಕಡಮೆಯಾಗಿದ್ದವು.